ನಂಬಿದರೆ ನಷ್ಟವೇನು?

ದೊಡ್ಡಣ್ಣ, ಹುಬ್ಬಳ್ಳಿ: (ಬೇರೆ ಗುಂಪಿನಿಂದ ಬಂದ ಚಿತ್ರ) “ದೇವರಿದ್ದಾನೆಂದು ನಂಬಿ ಬಾಳು. ಇದ್ದರೆ ಎಲ್ಲವೂ ಸಿಕ್ಕಿತು, ಇಲ್ಲದಿದ್ದರೆ ಕಳೆದುಕೊಂಡದ್ದೇನೂ ಇಲ್ಲ.” ಎಲ್ಲರೂ ಓದಿರಿ.

ತಂಗಿ, ಧಾರವಾಡ: ಅಣ್ಣಾ, ಇದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೂಡಿದ ವಾದ. ಅರ್ಧಕ್ಕೆ ನಿಂತ ಜೂಜಿನಲ್ಲಿ ಪಣದ ಹಣವನ್ನು ಹೇಗೆ ಹಂಚಬೇಕೆಂದು 1654ರಲ್ಲಿ ಫರ್ಮಾ ಎಂಬ ಗಣಿತಜ್ಞನೊಡನೆ ಪತ್ರ ಬರೆದುಕೊಂಡು, ಸಂಭವನೀಯತೆಯ ಗಣಿತಕ್ಕೆ ಬುನಾದಿ ಹಾಕಿದವನು ಅವನೇ. ಅದೇ ಪಣದ ಲೆಕ್ಕವನ್ನು ದೇವರ ವಿಷಯಕ್ಕೂ ತಂದ. ಅವನು ತೀರಿಕೊಂಡ ಎಂಟು ವರ್ಷಕ್ಕೆ, 1670ರಲ್ಲಿ, ಆ ಟಿಪ್ಪಣಿಗಳು ಅಚ್ಚಾದವು.

ಮಾಮಾ, ಬ್ಯಾಡಗಿ: ಯಾರು ಹೇಳಿದ್ದರೂ ನನಗೆ ಒಪ್ಪಿಗೆಯಿಲ್ಲ. ನಾನು ಮೆಣಸಿನಕಾಯಿ ವ್ಯಾಪಾರಿ. ಚೀಲದ ಬಾಯಿ ಬಿಚ್ಚಿ, ತಳದಿಂದ ಒಂದು ಹಿಡಿ ತೆಗೆದು, ಕಾಯಿ ಮುರಿದು ತೇವ ನೋಡಿದ ಮೇಲೆಯೇ ದರ ಬರೆಯುತ್ತೇನೆ. ಅಲ್ಲಿ ಲಾಭ ನಷ್ಟ ನೋಡುವುದು ನ್ಯಾಯ. ನಮ್ಮ ಅವ್ವ ಸೋಮವಾರ ತಪ್ಪದೆ ಸಿದ್ಧಾರೂಢರ ಮಠಕ್ಕೆ ಹೋಗುತ್ತಿದ್ದಳಲ್ಲ, ಅವಳ ಕೈಯಲ್ಲಿ ಇಂಥ ತಕ್ಕಡಿಯನ್ನು ನಾನು ಒಂದು ದಿನವೂ ಕಾಣಲಿಲ್ಲ.

ಚಿಗವ್ವ, ಗದಗ: ಅಣ್ಣಾ, ಲೆಕ್ಕ ಹಾಕಿ ಬಂದವರನ್ನು ಅಷ್ಟು ಕೀಳಾಗಿ ಕಾಣಬೇಡ. ಮಗನಿಗೆ ಜ್ವರ ಇಳಿಯದಿದ್ದಾಗ ಹರಕೆ ಹೊತ್ತವಳು ನಾನು, ಅದು ಚೌಕಾಸಿಯೇ ಆಗಿತ್ತು. ಮೊದಲ ಸಲ ಹರಕೆ ತೀರಿಸಲು ಗುಡಿಗೆ ಹೋದೆ, ಎರಡನೆಯ ಸಲ ಬೇಡುವುದೇನೂ ಇಲ್ಲದೆ ಹೋದೆ. ಆ ಮೊದಲ ಸಲ ಇಲ್ಲದಿದ್ದರೆ ಎರಡನೆಯದು ಇರುತ್ತಿರಲಿಲ್ಲ.

ತಂಗಿ, ಧಾರವಾಡ: ಚಿಗವ್ವ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಚಿತ್ರದಲ್ಲಿರುವ ವಾದವನ್ನು ಒಪ್ಪಲಾರೆ. ಆ ಲೆಕ್ಕದಲ್ಲಿ ಇರುವುದು ಎರಡೇ ಮನೆ: ಒಬ್ಬ ದೇವರು ಇದ್ದಾನೆ, ಇಲ್ಲವೇ ಯಾರೂ ಇಲ್ಲ. ಕ್ರೈಸ್ತನಾದ ಪಾಸ್ಕಲ್ ಆಡಿದ ಇದೇ ಮಾತನ್ನು ಒಬ್ಬ ಇಮಾಮನೂ ಅಷ್ಟೇ ಗಟ್ಟಿಯಾಗಿ ಹೇಳಬಹುದೆಂದು ಫ್ರಾನ್ಸಿನವನೇ ಆದ ದಿದೆರೋ ಎಂಬ ಚಿಂತಕ ಆಕ್ಷೇಪಿಸಿದ್ದ. ಒಂದನ್ನು ಹಿಡಿದರೆ ಉಳಿದದ್ದೆಲ್ಲ ಕೈಬಿಟ್ಟಂತೆ, ಸತ್ತ ಮೇಲೆ ದೇವರ ತೀರ್ಪು ಒಂದೇ ಸಲ ಮತ್ತು ಶಾಶ್ವತ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಪಾಸ್ಕಲನ ಪಣ ಪಣವೆನಿಸುತ್ತದೆ. ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಶಿಶುನಾಳ ಶರೀಫರು ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವೆಂದು ಹಿಡಿದ ಸೀಮೆ ನಮ್ಮದು. ಕರ್ಮದ ಬಾಕಿ ಮುಂದಿನ ಜನ್ಮಕ್ಕೂ ಬರುತ್ತದೆ ಎನ್ನುವ ಜನ ನಾವು. ಆ ಲೆಕ್ಕವನ್ನು ಇದ್ದಂತೆಯೇ ಇಲ್ಲಿಗೆ ಎತ್ತಿ ತಂದರೆ ಕೂಡುವುದಿಲ್ಲ.

ದೊಡ್ಡಣ್ಣ, ಹುಬ್ಬಳ್ಳಿ: ನಾನು ವಾದಕ್ಕೆಂದು ಕಳಿಸಲಿಲ್ಲ. ಅಪ್ಪ ಹೋದ ಮೇಲೆ ಮಠದಲ್ಲಿ ಹೋಗಿ ಕೂಡುತ್ತೇನೆ, ಸುತ್ತಲಿನವರು ನಾಮ ಹೇಳುತ್ತಿರುತ್ತಾರೆ, ನನ್ನ ತುಟಿ ಮಾತ್ರ ಅಲುಗುವುದಿಲ್ಲ. ನಂಬಿದರೆ ನಷ್ಟವಿಲ್ಲ ಎಂದು ಓದಿದಾಗ, ಹಾಗಾದರೂ ನಂಬಲು ಬಂದೀತೇ ಎಂದು ನೋಡಿದೆ. ಬರಲಿಲ್ಲ.

ತಂಗಿ, ಧಾರವಾಡ: ಅಣ್ಣಾ, ನೀನು ಹೇಳಿದ್ದನ್ನೇ ಪಾಸ್ಕಲ್ ತನ್ನ ಎದುರಾಳಿಯ ಬಾಯಲ್ಲಿ ಹೇಳಿಸಿದ್ದಾನೆ: ನಂಬಲಾರದಂತೆ ನಾನು ಇರುವಾಗ ಏನು ಮಾಡಲಿ ಎಂದು. ನಂಬಿದವರು ಮೊದಲು ಮಾಡಿದ್ದನ್ನೇ ಮಾಡು, ತೀರ್ಥ ತೆಗೆದುಕೋ, ಪೂಜೆ ಮಾಡಿಸು ಎಂಬುದು ಅವನ ಉತ್ತರ. ರೂಢಿಯಿಂದ ಒಂದು ಮಾತು ನಿಜವಾಗುವುದಿಲ್ಲ, ಅಲ್ಲಿ ನನ್ನ ತಕರಾರಿದೆ. ಆದರೆ ನಮ್ಮ ಕನ್ನಡದಲ್ಲಿ ‘ದೇವರಿದ್ದಾನೆಂದು ನಂಬುವುದು’ ಬೇರೆ, ‘ದೇವರನ್ನು ನಂಬುವುದು’ ಬೇರೆ. ಮೊದಲನೆಯದಕ್ಕೆ ಆಧಾರ ಬೇಕು, ಲಾಭದ ಆಸೆಯಿಂದ ಅದು ಹುಟ್ಟದು. ಎರಡನೆಯದು ಒಬ್ಬರ ಮೇಲೆ ಭಾರ ಹಾಕಿದಂತೆ. ನಿನ್ನಿಂದ ಕಳಚಿಹೋದದ್ದು ಈ ಎರಡನೆಯದು ಎಂದು ನನಗೆ ಅನಿಸುತ್ತದೆ, ಚಿತ್ರ ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ.

ದೊಡ್ಡಣ್ಣ, ಹುಬ್ಬಳ್ಳಿ: ಭಾರ ಹಾಕಲು ಎದುರಿಗೆ ಒಬ್ಬರು ಇರಬೇಕಲ್ಲವೇ, ತಂಗೀ?

ತಂಗಿ, ಧಾರವಾಡ: ಹೌದು ಅಣ್ಣಾ. ಅಲ್ಲಿಗೆ ಮತ್ತೆ ಮೊದಲನೆಯ ಪ್ರಶ್ನೆಗೇ ಬಂದೆವು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮಾಮಾ, ಬ್ಯಾಡಗಿ: ಸೋಮವಾರ ಮಾರುಕಟ್ಟೆಯ ಕೆಲಸ ಬಿಟ್ಟು ನಾನು ಹುಬ್ಬಳ್ಳಿಗೆ ಬರುತ್ತೇನೆ. ಅವ್ವ ಕೂಡುತ್ತಿದ್ದ ಕಂಬದ ಹತ್ತಿರ ಕೂಡೋಣ. ನಿನ್ನ ತುಟಿ ಅಲುಗದಿದ್ದರೆ ಬೇಡ.