ಮೂರಡಿ ಟ್ಯಾಂಕಿಗೆ ಯಾವ ಸಿಕ್ಲಿಡ್ ಮೀನು? ಸಾಕಿದೋರು ಹೇಳಿ

ಹೆಬ್ಬಾಳ, ಮೈಸೂರು: ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿದೆ. ಬಾಡಿಗೆ ಮನೆ, ಮೊದಲನೇ ಮಹಡಿ. ನಲ್ಲಿ ನೀರೂ ಇದೆ, ಬೋರೂ ಇದೆ. ಮೀನಿಗೆ ಅಂತ 2,000 ಎತ್ತಿಟ್ಟಿದ್ದೀನಿ. ಮಗಳಿಗೆ ಏಂಜಲ್ ಬೇಕು, ನನಗೆ ಯೆಲ್ಲೋ ಲ್ಯಾಬ್, ನಮ್ಮನೆಯವರಿಗೆ ಆಸ್ಕರ್. ಮೂರೂ ಸಿಕ್ಲಿಡ್ ಜಾತಿಯ ಮೀನೇ ಅಂತೆ. ಮೂರನ್ನೂ ಒಟ್ಟಿಗೆ ಬಿಡಬಹುದಾ?

ಕುವೆಂಪುನಗರ: ನಾನೂ ಲ್ಯಾಬ್ ಬೇಕು ಅಂತಲೇ ಹೋಗಿದ್ದು. ಅಂಗಡಿಯವನು "ಇದೂ ಅದೇ ಸಾರ್, ಪಟ್ಟೆ ಇದೆ ಅಷ್ಟೆ" ಅಂತ ಆರು ಆರೇಟಸ್ ಕಟ್ಟಿಕೊಟ್ಟ, ಒಂದಕ್ಕೆ 180. ಅರಿಶಿನದ ಮೈ, ಕಪ್ಪು ಪಟ್ಟೆ, ದೃಷ್ಟಿ ತೆಗೀಬೇಕು ಹಾಗಿದ್ದವು. ಕೆಲವು ತಿಂಗಳಿಗೆ ಒಂದು ಕಪ್ಪಾಗ್ತಾ ಬಂತು. ಕಾಯಿಲೆ ಅಂದ್ಕೊಂಡು ಉಪ್ಪು ಹಾಕಿದೆ, ಹೀಟರ್ 30ಕ್ಕೆ ಏರಿಸಿದೆ, ಔಷಧಿಗೆ 340 ಸುರಿದೆ. ಕಾಯಿಲೆಯೂ ಅಲ್ಲ ಏನೂ ಅಲ್ಲ, ಅದು ಗಂಡು, ಯಜಮಾನಿಕೆ ಶುರು ಮಾಡಿತ್ತು. ಯುಗಾದಿಗೆ ಹಿಡಿದದ್ದು ಗೌರಿ ಹಬ್ಬದೊಳಗೆ ಐದನ್ನೂ ಮುಗಿಸ್ತು. ಬಾಲ ಇಲ್ಲದ್ದು, ಕಣ್ಣಿಲ್ಲದ್ದು, ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಬಲೆ ಹಿಡಿಯೋದು. ಆ ಮಹಾಶಯ ಈಗಲೂ ಇದ್ದಾನೆ, ಒಬ್ಬನೇ.

ಮಂಡ್ಯ: ಆರು ತಂದ್ರೆ ಹಂಗೇ ಆಗೋದು. ಎಂಬುನಾ ಅಂದ್ರೆ, ಈ ಲ್ಯಾಬು ಆರೇಟಸ್ ತರದ ಆಫ್ರಿಕಾ ಮಲಾವಿ ಸರೋವರದ ಮೀನು, ಒತ್ತೊತ್ತಾಗಿ ಬುಡ್ಬೇಕು, ಆಗ ಒಂದ್ರ ಮೇಲೇ ಬೀಳಕ್ಕಾಗಲ್ಲ. ನಾನು ಲ್ಯಾಬ್ ಎಂಟು, ರಸ್ಟಿ ಎಂಟು ಬುಟ್ಟಿದ್ದೆ. ನಮ್ ಬೋರ್ ನೀರು ಗಡಸು, ಟಿಡಿಎಸ್ (ಕರಗಿರೋ ಲವಣ) 700, ಪಿಎಚ್ 8.2. ಬೇಳೆ ಬೇಯಲ್ಲ, ಆದ್ರೆ ಈ ಮೀನಿಗೆ ಮಲಾವಿ ಸರೋವರನೇ ಮನೆಗ್ ಬಂದಂಗೆ. ಫಿಲ್ಟ್ರಲ್ಲಿ ಮಾತ್ರ ಕೈ ಬಿಗಿ ಹಿಡೀಬ್ಯಾಡಿ. ನಾನು 650ರದ್ದು ಹಾಕಿ ಕೆಟ್ಟೆ, ಆಮೇಲೆ 1,900ರದ್ದು, ಅದೂ ಸಾಲ್ದೆ ಟ್ಯಾಂಕಿನ್ ಹೊರಗಿಡೋ ಕ್ಯಾನಿಸ್ಟರ್ ಫಿಲ್ಟ್ರು 8,200. ಬೇಸ್ಗೇಲಿ ಒಂದಿನ ಕರೆಂಟ್ ಏಳ್ ಗಂಟೆ ಹೋಯ್ತು, ಹನ್ನೊಂದು ತೇಲಿದ್ವು. ಮಕ್ಳು ಓದಕ್ಕಿಲ್ದಿದ್ದ ಇನ್ವರ್ಟರ್ ಮೀನಿಗ್ ಬಂತು ಅಂತ ಮನೇಲಿ ಇವತ್ತೂ ಆಡ್ಕೋತಾರೆ.

ಕುವೆಂಪುನಗರ: ಹದಿನಾರರಲ್ಲಿ ಹನ್ನೊಂದು ಕಳ್ಕೊಂಡೋರು ಲೆಕ್ಕ ಹೇಳಿಕೊಡ್ತಿದ್ದೀರಲ್ಲ ಸ್ವಾಮಿ.

ಮಂಡ್ಯ: ಕರೆಂಟಿಲ್ದೆ ಸತ್ತವು ಕಣ್ರೀ, ಕಚ್ಚಾಡಿ ಅಲ್ಲ. ಗಂಡು ಯಾವ್ದು ಕಾಯ್ಲೆ ಯಾವ್ದು ಗೊತ್ತಾಗ್ದೆ ಇರೋರು ಸುಮ್ನಿರಿ.

ವಿಜಯನಗರ ಎರಡನೇ ಹಂತ: ಮಹಡಿ ಅಂದಿದ್ದೀರಲ್ಲ, ಅದಕ್ಕೆ ಬರೀತಿದ್ದೀನಿ. ಆ ಅಳತೆಗೆ 190 ಲೀಟರ್ ನೀರು. ನಾನು ಗುಹೆ ಮಾಡೋಣ ಅಂತ ಮರಳು ಹರಡಿ ಮೇಲೆ ಕಲ್ಲು ಪೇರಿಸಿದೆ. ಮೀನುಗಳು ಬಾಯಲ್ಲಿ ಮರಳು ತೋಡಿ ತೋಡಿ ಅಡಿ ಪೊಳ್ಳು ಮಾಡಿದ್ವು. ರಾತ್ರಿ ಎರಡು ಗಂಟೆಗೆ ಧಡ್ ಅಂತು. ಮುಂದಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಹಾಲೆಲ್ಲ ಹೊಳೆ. ದಿವಾನದ ಕೆಳಗೆ ಅಕ್ಕಿ ಮೂಟೆ ಇತ್ತು, ಅದೂ ಹೋಯ್ತು. ಕೆಳಗೆ ಓನರ್ ಮಲಗೋ ಕೋಣೆ ಸೂರಿಂದ ತೊಟ್ಟಿಕ್ಕಿ, ಪೇಂಟಿಗೆ 7,500 ಅಡ್ವಾನ್ಸಲ್ಲಿ ಮುರಿದುಕೊಂಡರು. ಗಾಜಿಗೆ 1,400. ಬಾತ್‌ರೂಮ್ ಬಕೆಟ್ಟಲ್ಲಿ ಮೀನು ಐದು ದಿನ ಇದ್ದವು, ನಾವು ಪಕ್ಕದ ಮನೇಲಿ ಸ್ನಾನ ಮಾಡಿದೆವು. ತಳದ ಗಾಜಿನ ಮೇಲೆ ಥರ್ಮಾಕೋಲ್, ಅದರ ಮೇಲೆ ಕಲ್ಲು, ಮರಳು ಆಮೇಲೆ.

ಸರಸ್ವತೀಪುರಂ: ಈ ಆಫ್ರಿಕಾ ರಾಮಾಯಣ ಯಾಕೆ? ಕಾನ್ವಿಕ್ಟ್ ಸಿಕ್ಲಿಡ್ ತನ್ನಿ. ನಾನು ಜೋಡಿ 120ಕ್ಕೆ ತಂದೆ, ಹೂಕುಂಡದ ಚೂರಲ್ಲಿ ಮೊಟ್ಟೆ ಇಟ್ಟು ಮರಿ ಮೇಲೆ ಮರಿ. ಗಂಡ ಹೆಂಡತಿ ಇಬ್ಬರೂ ಕಾಯೋದು ನೋಡೋಕೇ ಚೆಂದ. ಅಂಗಡಿಯವರು ಬಿಟ್ಟಿ ಕೊಟ್ರೂ ತಗೊಳ್ಳಲ್ಲ ಅಂದ್ರು. ಕೊನೆಗೆ ಎಲ್ಲಾ ಕುಕ್ಕರಹಳ್ಳಿ ಕೆರೆಗೆ ಬಿಟ್ಟೆ, ಬದುಕಿಕೊಳ್ಳಲಿ.

ವಿಜಯನಗರ ಎರಡನೇ ಹಂತ: ಕೆರೆಗಾ! ಹೆಮ್ಮೆಯಿಂದ ಬೇರೆ ಹೇಳ್ತೀರಾ? ಜಿಲೇಬಿ ಮೀನೂ (ತಿಲಾಪಿಯಾ) ಸಿಕ್ಲಿಡ್ಡೇ. 1952ರಲ್ಲಿ ಹೊರದೇಶದಿಂದ ತಂದದ್ದು, ಈಗ ಎಲ್ಲಿ ಗಾಳ ಹಾಕಿದರೂ ಅದೇ ಬರುತ್ತೆ.

ಸರಸ್ವತೀಪುರಂ: ನಾನು ಬಿಟ್ಟದ್ದು ಚಿಕ್ಕ ಚಿಕ್ಕ ಮರಿ. ನಿಮ್ಮ ಹಾಗೆ ಓನರ್ ಮನೆ ಮುಳುಗಿಸಿಲ್ಲ.

ಮಂಡ್ಯ: ಜಿಲೇಬಿ ಸುದ್ದಿಗ್ ಬರ್ಬ್ಯಾಡಿ. ಮುಳ್ಳು ಕಮ್ಮಿ, ಹುಣಸೆ ಹುಳಿ ಹಾಕಿ ಸಾರು ಮಾಡಿ, ರಾಗಿ ಮುದ್ದೆ ಜೊತೆ ತಿಂದ್ ನೋಡಿ.

ಕುವೆಂಪುನಗರ: ಸಾಕೋದು ಕೇಳಿದ್ರೆ ಸಾರಿಗೆ ಬಂದ್ರು.

ಜಯಲಕ್ಷ್ಮೀಪುರಂ: ಹೆಬ್ಬಾಳದವರೇ, ಇವರ ಜಗಳ ಬಿಡಿ. ಆಸ್ಕರ್ ಒಂದಡಿ ಬೆಳೆಯುತ್ತೆ, ಲ್ಯಾಬನ್ನ ನುಂಗುತ್ತೆ. ಲ್ಯಾಬು ಏಂಜಲ್‌ನ ರೆಕ್ಕೆ ಹರಿಯುತ್ತೆ. ನನ್ನ ಹತ್ರ ಬರೀ ಲ್ಯಾಬ್, ನಾಲ್ಕು ವರ್ಷದಿಂದ. ಮೊದಲ ಸಲ ಹೆಣ್ಣು ಗಂಟಲು ಊದಿಸಿಕೊಂಡು ತಿನ್ನೋದು ಬಿಟ್ಟಾಗ ನಮ್ಮ ಯಜಮಾನರು ಇದು ಸಾಯುತ್ತೆ ಅಂತ ಬೇರೆ ಡಬ್ಬಿಗೆ ಹಾಕಿದ್ರು. ಬಾಯಲ್ಲಿ ಮೊಟ್ಟೆ! ಇಪ್ಪತ್ತೆರಡು ದಿನ ಉಪವಾಸ ಇದ್ದು ಹದಿನೇಳು ಮರಿ ಉಗುಳ್ತು. ನಾನು ನನ್ನ ಬಾಣಂತನದಲ್ಲೂ ಅಷ್ಟು ಅತ್ತಿರಲಿಲ್ಲ. ಈಗಲೂ ಒಂದಿಂಚಿನ ಮರಿ ಇಪ್ಪತ್ತಿವೆ. ದುಡ್ಡು ಬೇಡ. ಟ್ಯಾಂಕ್ ಸೈಕಲ್ ಆದಮೇಲೆ, ಅಂದ್ರೆ ಫಿಲ್ಟರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಬೆಳೆದಮೇಲೆ, ಮುಚ್ಚಳ ಇರೋ ಬಕೆಟ್ ತಗೊಂಡು ಬನ್ನಿ, ಹತ್ತು ಕೊಡ್ತೀನಿ. ಆಸ್ಕರ್ ತಂದಿದ್ರೆ ಮಾತ್ರ ಬರಬೇಡಿ. ಸರಸ್ವತೀಪುರಂನವರಿಗಂತೂ ಒಂದೂ ಕೊಡಲ್ಲ.