ಗಾಯಾಳುವಿನ ಮೇಲೆ ಔಷಧ ಪರೀಕ್ಷೆ ನ್ಯಾಯವೇ?

ಪ್ರಶ್ನೆ: ತೀವ್ರವಾಗಿ ಗಾಯಗೊಂಡು ಬಂದವರಲ್ಲಿ ಅರ್ಧ ಜನರಿಗೆ ಔಷಧ, ಉಳಿದವರಿಗೆ ಬರಿಯ ಉಪ್ಪುನೀರಿನ ದ್ರಾವಣ ಕೊಟ್ಟು ಪರೀಕ್ಷಿಸುತ್ತಾರಂತೆ. ಜೀವ ಹೋಗುತ್ತಿರುವಾಗ ಇದು ನ್ಯಾಯವೇ? ಔಷಧ ಪಡೆದವರು ಬದುಕಿದರೆ ಅಷ್ಟು ಸಾಕ್ಷಿ ಸಾಲದೇ?

ಉತ್ತರ (ತುರ್ತು ಚಿಕಿತ್ಸಾ ವೈದ್ಯ): ಸಾಲದು. ಮೊದಲಿಗೆ, ಉಳಿದವರನ್ನು ಯಾರೂ ಕೈಬಿಡುವುದಿಲ್ಲ. ರಕ್ತ, ಆಮ್ಲಜನಕ, ಶಸ್ತ್ರಚಿಕಿತ್ಸೆ ಎಲ್ಲರಿಗೂ ಸಿಗುತ್ತದೆ. ವ್ಯತ್ಯಾಸವಿರುವುದು ಗುಣ ಇನ್ನೂ ಖಾತ್ರಿಯಾಗದ ಆ ಒಂದು ಔಷಧದಲ್ಲಿ ಮಾತ್ರ.

ತಲೆಗೆ ಪೆಟ್ಟು ಬಿದ್ದವರಿಗೆ ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. ಮಿದುಳಿನ ಬಾವು ಇಳಿಯುತ್ತದೆ ಎಂಬ ನಂಬಿಕೆ. ಕೊನೆಗೆ ‘ಕ್ರ್ಯಾಶ್’ ಎಂಬ ಪ್ರಯೋಗದಲ್ಲಿ 10,008 ಗಾಯಾಳುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2004ರಲ್ಲಿ ಫಲಿತಾಂಶ ಬಂತು: ಎರಡು ವಾರದೊಳಗೆ ತೀರಿಕೊಂಡವರು ಹುಸಿಮದ್ದಿನ (ಔಷಧವಿಲ್ಲದ ಬರಿಯ ದ್ರಾವಣದ) ಗುಂಪಿನಲ್ಲಿ ಶೇ 17.9, ಸ್ಟೀರಾಯ್ಡ್ ಗುಂಪಿನಲ್ಲಿ ಶೇ 21.1. ನೂರಕ್ಕೆ ಮೂರು ಜೀವ ಹೆಚ್ಚಾಗಿ ಹೋಗಿದ್ದವು! ಈ ಅಂಕಿ ನೋಡಿದಾಗ ಇಂದಿಗೂ ನನಗೆ ಕರುಳು ಹಿಂಡಿದಂತಾಗುತ್ತದೆ. ಹಾಸಿಗೆಯ ಪಕ್ಕ ನಿಂತ ವೈದ್ಯನಿಗೆ ಇದು ಕಾಣುವುದೇ ಇಲ್ಲ. ರೋಗಿ ಸತ್ತರೆ ಪೆಟ್ಟು ಕೊಂದಿತು ಎನ್ನುತ್ತೇವೆ, ಬದುಕಿದರೆ ಔಷಧ ಉಳಿಸಿತು ಎನ್ನುತ್ತೇವೆ.

ಇನ್ನೊಂದು ಮೋಸವಿದೆ. ರಕ್ತ ಸುರಿಯುತ್ತಾ ಬಂದ ಒಬ್ಬ ಹತ್ತೇ ನಿಮಿಷದಲ್ಲಿ ತೀರಿಕೊಂಡ ಎನ್ನಿ. ಮಂಜುಗಡ್ಡೆಯಂತೆ ಗಟ್ಟಿಯಾಗಿಸಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ) ಚೀಲ ಆಗಿನ್ನೂ ಬೆಚ್ಚನೆಯ ನೀರಿನಲ್ಲಿ ಕರಗುತ್ತಿತ್ತು. ಕಡತದಲ್ಲಿ ಅವನು ‘ಪ್ಲಾಸ್ಮಾ ಪಡೆಯದೆ ಸತ್ತವನು’. ಮುಕ್ಕಾಲು ಗಂಟೆ ತಾಳಿಕೊಂಡವನಿಗೆ ಅದೇ ಚೀಲ ಏರಿತು, ಅವನು ಉಳಿದ. ಅವನನ್ನು ಪ್ಲಾಸ್ಮಾ ಉಳಿಸಿತೋ, ಅಷ್ಟು ಹೊತ್ತು ಉಳಿದದ್ದರಿಂದ ಪ್ಲಾಸ್ಮಾ ಸಿಕ್ಕಿತೋ? ಹಳೆಯ ಕಡತಗಳನ್ನು ಎಷ್ಟು ತಿರುವಿದರೂ ಈ ಗಂಟು ಪೂರ್ತಿ ಬಿಡಿಸಲಾಗದು. ಆದ್ದರಿಂದಲೇ ಬಂದ ಕ್ಷಣದಲ್ಲಿ ಚೀಟಿ ಎತ್ತಬೇಕು.

ಮರುಪ್ರಶ್ನೆ: ಪ್ರಜ್ಞೆ ಇಲ್ಲದವರ ಒಪ್ಪಿಗೆ ಪಡೆಯುವುದು ಹೇಗೆ? ಮನೆಯವರು ಬರುವವರೆಗೆ ಕಾಯಬಾರದೇ?

ಉತ್ತರ: ಕಾಯುವುದಕ್ಕೂ ಬೆಲೆಯಿದೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಪರೀಕ್ಷಿಸಿದರು (‘ಕ್ರ್ಯಾಶ್-2’, 2010). ಸಾವು ಶೇ 16ರಿಂದ 14.5ಕ್ಕೆ ಇಳಿಯಿತು. ಆದರೆ ಲಾಭ ಸಿಕ್ಕಿದ್ದು ಗಾಯವಾದ ಮೂರು ಗಂಟೆಯೊಳಗೆ ಕೊಟ್ಟಾಗ. ತಡವಾಗಿ ಪಡೆದವರಲ್ಲಿ ರಕ್ತಸ್ರಾವದ ಸಾವು ಹೆಚ್ಚಿತ್ತು. ಸಹಿಗಾಗಿ ಕಾಯುತ್ತಾ ಕುಳಿತಿದ್ದರೆ ಆ ಮೂರು ಗಂಟೆ ಕೈತಪ್ಪಿ ಹೋಗುತ್ತಿತ್ತು.

ಹಾಗಾಗಿ ಅನೇಕ ಕಡೆ ನೈತಿಕ ಸಮಿತಿ ಮೊದಲೇ ಯೋಜನೆಯನ್ನು ಪರಿಶೀಲಿಸಿ ಅನುಮತಿ ಕೊಟ್ಟಿರುತ್ತದೆ. ಬಂಧುಗಳು ಪಕ್ಕದಲ್ಲೇ ಇದ್ದರೆ ಕೇಳುತ್ತೇವೆ. ಇಲ್ಲದಿದ್ದರೆ ಆರಂಭಿಸಿ, ಅವರು ಬಂದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳುತ್ತೇವೆ. ರೋಗಿ ಚೇತರಿಸಿಕೊಂಡ ಮೇಲೆ ಅವರನ್ನೇ ಕೇಳುತ್ತೇವೆ. ಬೇಡ ಎಂದರೆ ಅವರು ಪ್ರಯೋಗದಿಂದ ಹೊರಬರಬಹುದು. ಚಿಕಿತ್ಸೆ ಎಂದಿನಂತೆ ಮುಂದುವರಿಯುತ್ತದೆ.