ಸಮಸ್ಯಾಪೂರಣ: ಸೋತವರೆ ಗೆದ್ದರೈ ಬ್ಯಾಂಕಾಕಿನಲ್ಲಿ

ಪದ್ಯಪ್ರಿಯ:
ಈ ವಾರದ ಸಮಸ್ಯೆ, ಅಂದರೆ ನಿಮ್ಮ ಪದ್ಯದ ಕೊನೆಯ ಸಾಲಾಗಬೇಕಾದದ್ದು, ತಗೊಳ್ಳಿ: "ಸೋತವರೆ ಗೆದ್ದರೈ ಬ್ಯಾಂಕಾಕಿನಲ್ಲಿ". ಐದೈದು ಮಾತ್ರೆಯ ಚೌಪದಿ, ನಾಲ್ಕು ಸಾಲು. ಪ್ರತಿ ಸಾಲಿನ ಎರಡನೇ ಅಕ್ಷರ ತಕಾರ, ಪ್ರಾಸ ಬಿಡೋ ಹಾಗಿಲ್ಲ. ವಸ್ತು ಭಾರತ ಬ್ಯಾಂಕಾಕಿನಲ್ಲಿ ಗೆದ್ದ 2022ರ ಥಾಮಸ್ ಕಪ್ (ಪುರುಷರ ತಂಡಗಳ ಬ್ಯಾಡ್ಮಿಂಟನ್), ಅದೂ ನಾಕೌಟ್ ಮಾತ್ರ. ಗುಂಪಿನ ಹಂತದಲ್ಲಿ ಚೈನೀಸ್ ತೈಪೆಗೆ ಸೋತದ್ದನ್ನು ತಂದರೆ ಒಪ್ಪಲ್ಲ, ಅದು ತೀರಾ ಸುಲಭ. ಮರೆತವರಿಗೆ: ಕ್ವಾರ್ಟರ್‌ಫೈನಲ್‌ನಲ್ಲಿ ಮಲೇಷ್ಯಾ ಮೇಲೆ 3-2, ಸೆಮಿಯಲ್ಲಿ ಡೆನ್ಮಾರ್ಕ್ ಮೇಲೆ 3-2, ಮೇ 15ರ ಫೈನಲ್‌ನಲ್ಲಿ 14 ಸಲ ಕಪ್ ಎತ್ತಿದ್ದ ಇಂಡೊನೇಷ್ಯಾ ಮೇಲೆ 3-0.

ಶಟಲ್ ಶಿವಮೊಗ್ಗ:
ನನ್ನದು ಲಕ್ಷ್ಯ ಸೇನ್ ಮೇಲೆ. ಬೆಂಗಳೂರಿನ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಬ್ಯಾಂಕಾಕಿಗೆ ಹೋದವನೇ ಹೊಟ್ಟೆ ಕೆಡಿಸಿಕೊಂಡಿದ್ದ, ಪಾಪ.

ಮಾತಿಲ್ಲ, ಲೀ ಹೊಡೆದ, ಆಕ್ಸೆಲ್ಸನೂ ಬಡಿದ
ಕೂತಿತ್ತು ಮೊದಲಾಟವೆಂಟಂಕದಲ್ಲೆ
ಭೀತಿಯನು ಕೊಡವಿದನು ಲಕ್ಷ್ಯನಂತಿಮದಂದು
ಸೋತವರೆ ಗೆದ್ದರೈ ಬ್ಯಾಂಕಾಕಿನಲ್ಲಿ

ಲೀ ಮಲೇಷ್ಯಾದವನು, ಆಕ್ಸೆಲ್ಸನ್ ಡೆನ್ಮಾರ್ಕಿನವನು, ಇಬ್ಬರ ಕೈಲೂ ಲಕ್ಷ್ಯ ಸೋತಿದ್ದ. ಎಂಟಂಕ ಅಂದರೆ ಫೈನಲ್‌ನಲ್ಲಿ ಇಂಡೊನೇಷ್ಯಾದ ಗಿಂಟಿಂಗ್ ಎದುರು ಮೊದಲ ಗೇಮಿನ 8-21. ಆಮೇಲೆ 21-17, 21-16.

ಮಾತ್ರೆಗಣಕ:
"ಹೊಡೆದ, ಆಕ್ಸೆಲ್ಸ" ವಿಸಂಧಿ ಆಯ್ತಲ್ಲ ಸ್ವಾಮಿ, ಎರಡು ಸ್ವರ ಸಂಧಿಯಾಗದೆ ಹಾಗೇ ಉಳಿದಿವೆ.

ಶಟಲ್ ಶಿವಮೊಗ್ಗ:
ನಡುವೆ ಅಲ್ಪವಿರಾಮ ಇದೆ ಸ್ವಾಮಿ, ಉಸಿರು ತಗೊಳ್ಳಿ.

ಮಾತ್ರೆಗಣಕ:
ಸರಿ ಬಿಡಿ. ನನ್ನದು ಪ್ರಣಯ್. ಡೆನ್ಮಾರ್ಕ್ ಎದುರು 2-2 ಆಗಿತ್ತು. ಗೆಮ್ಕೆ ಎದುರಿನ ಕಡೇ ಪಂದ್ಯದ ಮೊದಲ ಗೇಮಿನಲ್ಲೇ ಜಾರಿ ಹಿಮ್ಮಡಿಯ ಗಂಟು ಉಳುಕಿತು.

ಪಾತಾಳಕಿಳಿದಂತೆ ಕಾಲ್ಜಾರಿ ಬಿದ್ದವರು
ಯಾತನೆಯ ನುಂಗಿ ಹದಿಮೂರಕ್ಕೆ ಸೋತು
ಮಾತಿರದೆ ಕುಂಟುತ್ತ ಗೆಮ್ಕೆಯನೆ ಮಣಿಸಿದರು
ಸೋತವರೆ ಗೆದ್ದರೈ ಬ್ಯಾಂಕಾಕಿನಲ್ಲಿ

ಪದ್ಯಪ್ರಿಯ:
ಭಲೇ! ಮುಂದಿನ ಎರಡು ಗೇಮು 21-9, 21-12. ಕುಂಟಿಕೊಂಡು ಆಡಿದವರ ಸ್ಕೋರು ಅನ್ನೋಕಾಗುತ್ತಾ? ಡಬಲ್ಸ್‌ನ ಸಾತ್ವಿಕ್-ಚಿರಾಗ್ ಮೇಲೆ ಯಾರೂ ಬರೆದಿಲ್ಲ. ಫೈನಲ್‌ನಲ್ಲಿ ಮೊದಲ ಗೇಮ್ ಸೋತು, ಎರಡನೆಯದರಲ್ಲಿ ಎದುರಾಳಿಯ 4 ಮ್ಯಾಚ್ ಪಾಯಿಂಟ್ (ಇನ್ನೊಂದಂಕ ಬಂದರೆ ಪಂದ್ಯವೇ ಅವರದು) ತಪ್ಪಿಸಿ, ಕೊನೆಗೆ ಗೆದ್ದರು. ಸಮಸ್ಯೆಗೆ ಹೇಳಿ ಮಾಡಿಸಿದ ಜೋಡಿ.

ಶಟಲ್ ಶಿವಮೊಗ್ಗ:
ಸಾತ್ವಿಕ್ ಅನ್ನೋ ಹೆಸರೇ ಪ್ರಾಸಕ್ಕೆ ಬರಲ್ಲ, "ತ್ವಿ" ಒತ್ತಕ್ಷರ ಅಲ್ವಾ? ಶ್ರೀಕಾಂತ್ ಅಂತೂ ಅರ್ಥಕ್ಕೇ ಬರಲ್ಲ. ಆ ಟೂರ್ನಿಯಲ್ಲಿ ಆಡಿದ 6 ಪಂದ್ಯವನ್ನೂ ಗೆದ್ದ ಮನುಷ್ಯ. ಅವರನ್ನು "ಸೋತವರು" ಅನ್ನೋದು ಹೇಗೆ?

ಮಾತ್ರೆಗಣಕ:
ಸಾಲು ಒಡೆದು ಓದಿದರೆ ಆಯ್ತು.

ಮಾತೇಕೆ, ಬರೆದುಕೋ, ಆರಕ್ಕೆ ಆರನ್ನು
ಹಾತೊರೆದು ಗೆದ್ದವರ ಹೆಸರೇನು ಹೇಳು
ಕೂತರೂ ಶ್ರೀಕಾಂತ, ನಿಂತರೂ ಶ್ರೀಕಾಂತ
ಸೋತವರೆ? ಗೆದ್ದರೈ ಬ್ಯಾಂಕಾಕಿನಲ್ಲಿ!

ಶಟಲ್ ಶಿವಮೊಗ್ಗ:
ಅಯ್ಯೋ, ಒಂದೇ ಪ್ರಶ್ನೆ ಚಿಹ್ನೆಯಲ್ಲಿ ಮುಗಿಸಿಬಿಟ್ರಲ್ಲ! ಆದರೆ "ಆರಕ್ಕೆ ಆರನ್ನು" ವಿಸಂಧಿ. ಈಗ ನೀವು ಉಸಿರು ತಗೊಳ್ಳಿ.

ಮೈಸೂರಜ್ಜಿ:
ನೀವೆಲ್ಲ ಮೊದಲು ಸೋತು ಆಮೇಲೆ ಗೆದ್ದವರನ್ನೇ ಹಿಡಿದಿದ್ದೀರಪ್ಪ. ಸೋತವರಾಗೇ ಇದ್ದು ಗೆದ್ದವರು ಇಲ್ವೇ? ಎರಡನೇ ಡಬಲ್ಸ್ ಜೋಡಿ ನೋಡಿ, ಕೃಷ್ಣಪ್ರಸಾದ್ ಮತ್ತು ವಿಷ್ಣುವರ್ಧನ್. ಮಲೇಷ್ಯಾ ಎದುರೂ ಸೋತರು, ಡೆನ್ಮಾರ್ಕ್ ಎದುರೂ ಸೋತರು. ಫೈನಲ್ ಮೂರೇ ಪಂದ್ಯಕ್ಕೆ ಮುಗಿದು ನಾಲ್ಕನೆಯದರ ಸರದಿಯೇ ಬರಲಿಲ್ಲ.

ಮಾತು ಬಿಡು, ನಾಕೌಟಿನೆರಡರಲು ಗೆಲಲಿಲ್ಲ
ಜೋತ ಮೋರೆಯೆ ವಿಷ್ಣುಕೃಷ್ಣರಿಬ್ಬರಿಗೆ
ಕೂತಲ್ಲೆ ಫೈನಲ್ಲಿನಂದು ಚಿನ್ನವು ಬಂತು
ಸೋತವರೆ ಗೆದ್ದರೈ ಬ್ಯಾಂಕಾಕಿನಲ್ಲಿ

ಪದ್ಯಪ್ರಿಯ:
ಅಜ್ಜಿ, ನಾನು ಸಮಸ್ಯೆ ಕೊಡುವಾಗ ಇವರಿಬ್ಬರು ನೆನಪಿಗೇ ಬರಲಿಲ್ಲ. ಮುಂದಿನ ವಾರದ ಸಾಲು ನೀವೇ ಕೊಡಿ. ಪ್ರಾಸದ ಅಕ್ಷರ ಮಾತ್ರ ಸ್ವಲ್ಪ ಕರುಣೆಯಿಂದ ಆರಿಸಿ.